ನಿಂತುಹೋದ ಜಪಾನಿ ಕಲಿಕೆ ಮತ್ತೆ ಸ್ಟಾರ್ಟ್ ಆಗುತ್ತಿಲ್ಲವೇ? ಎಲ್ಲಿ ಕೆಟ್ಟಿದೆ ಅಂತ ಹುಡುಕುವ ಬಗೆ

ಅಟ್ಟದ ಮೇಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಹಳೆಯ ಕಾಂಜಿ ನೋಟ್‌ಬುಕ್ ಸಿಕ್ಕಿತು. ಚೌಕ ಚೌಕ ಖಾನೆಯ ಪುಸ್ತಕ, ಕಾಂಜಿ ಅಂದರೆ ಜಪಾನಿಯ ಅರ್ಥ ಹೇಳುವ ಅಕ್ಷರಗಳು. ಕೊನೆಯ ಪುಟದಲ್ಲಿ 'ಕೈಗಿ' ಪದದ 'ಗಿ' ಅಕ್ಷರ ತಿದ್ದುತ್ತಿದ್ದೆ. 20 ಗೆರೆಗಳ ಅಕ್ಷರ ಅದು. ಆರು ಖಾನೆ ತುಂಬಿದೆ. ಏಳನೆಯದರಲ್ಲಿ ಎಡಭಾಗದ ಏಳು ಗೆರೆ ಎಳೆದು ಅಲ್ಲಿಗೇ ಪೆನ್ ಇಟ್ಟಿದ್ದೇನೆ. ಕೈಗಿ ಅಂದರೆ ಮೀಟಿಂಗ್. ದಿನವಿಡೀ ಮೀಟಿಂಗಿನಲ್ಲಿ ಕೂತು ಬಂದು, ರಾತ್ರಿ ಹನ್ನೊಂದಕ್ಕೆ ಮತ್ತೆ ಮೀಟಿಂಗ್ ಅಂತ ಏಳು ಸಲ ಬರೆಯಲು ಹೋದರೆ ಇನ್ನೇನಾಗುತ್ತೆ?

ಅದಾದ ಮೇಲೆ ಮೂರು ವರ್ಷ ನಾನು ಜಪಾನಿಯನ್ನು ಮುಟ್ಟಲಿಲ್ಲ. ಅದಕ್ಕೂ ಮೊದಲು ಜೆಎಲ್‌ಪಿಟಿ ಎನ್3 (ಜಪಾನಿ ಭಾಷಾ ಪರೀಕ್ಷೆಯ ಮಧ್ಯದ ಹಂತ, ಎನ್5 ಎಲ್ಲಕ್ಕಿಂತ ಸುಲಭದ್ದು) ಬರೆದು ಫೇಲಾಗಿದ್ದೆ. ಒಟ್ಟು 180ಕ್ಕೆ 95 ಬಂದರೆ ಪಾಸು, ನನಗೆ 98 ಬಂದಿತ್ತು. ಆದರೆ ಪ್ರತಿ ವಿಭಾಗದಲ್ಲೂ 60ಕ್ಕೆ ಕನಿಷ್ಠ 19 ಬೇಕು. ಕೇಳುವ ವಿಭಾಗದಲ್ಲಿ ನನ್ನದು 17. ಆ ಎರಡು ಅಂಕದ ಸಿಟ್ಟಿಗೆ ಮರುದಿನದಿಂದಲೇ ದಿನಕ್ಕೆ ಮೂರು ಗಂಟೆ ಓದಲು ಕೂತೆ. ನಾಲ್ಕು ತಿಂಗಳಲ್ಲಿ ಎಂಜಿನ್ ಸೀಜ್.

ವಾಪಸ್ ಬರಲು ನಾಲ್ಕು ಸಲ ಒದ್ದಾಡಿದೆ. ಮೂರು ಸಲ ತಪ್ಪು ಜಾಗದಲ್ಲಿ ರಿಪೇರಿ ಮಾಡಿದ್ದೆ ಅಂತ ಆಮೇಲೆ ಗೊತ್ತಾಯಿತು. ಮರೆತದ್ದು ಬೇರೆ, ಸಾಕಾದದ್ದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ರಿಪೇರಿ ಮಾತ್ರ ತದ್ವಿರುದ್ಧ. ಮರೆತಿದ್ದರೆ ಓದಬೇಕು. ಸಾಕಾಗಿದ್ದರೆ ಓದಬಾರದು.

ಕೆಳಗೆ ಕಾಸಿಲ್ಲದೆ ಆಗುವ ಚೆಕ್‌ಗಳು ಮೊದಲು, ದುಡ್ಡು ಬೇಡುವವು ಕೊನೆಗೆ. ಜಪಾನಿ ಪದಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಓದಲು ಸಲೀಸು ಅಂತ. ನಿಮ್ಮ ನೋಟ್‌ಬುಕ್ಕಿನಲ್ಲಿ ಹಾಗೆ ಮಾಡಬೇಡಿ. ಅದೊಂದು ಊರುಗೋಲು, ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ.

ಮೊದಲು ಮಾಡಬಾರದ್ದು

ಹೊಸ ಪುಸ್ತಕ ಕೊಳ್ಳಬೇಡಿ. ಪರೀಕ್ಷೆಗೆ ದುಡ್ಡು ಕಟ್ಟಬೇಡಿ. ಹಳೆಯ ಕಾರ್ಡುಗಳನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ.

ಅಂಕಿ ಆ್ಯಪ್ (ಪದಗಳನ್ನು ಕಾರ್ಡಿನ ಥರ ಮತ್ತೆ ಮತ್ತೆ ತೋರಿಸಿ ನೆನಪಿಸುವಂಥದ್ದು) ಬಳಸುತ್ತಿದ್ದವರಿಗೆ ಇನ್ನೊಂದು ಮಾತು. ತುಂಬಾ ದಿನದ ಮೇಲೆ ತೆರೆದಾಗ ಅದು ಅಪ್‌ಲೋಡ್ ಮಾಡಲೋ ಡೌನ್‌ಲೋಡ್ ಮಾಡಲೋ ಅಂತ ಕೇಳಬಹುದು. ಆಗ ಸುಮ್ನೆ ಒತ್ತಬೇಡಿ. ಬಹಳ ಕಾಲ ಮುಟ್ಟದ ಆನ್‌ಲೈನ್ ಖಾತೆ ಖಾಲಿಯಾಗಿರಬಹುದು. ಡೌನ್‌ಲೋಡ್ ಒತ್ತಿದರೆ ಆ ಖಾಲಿಯೇ ನಿಮ್ಮ ಲ್ಯಾಪ್‌ಟಾಪಿನ ಡೆಕ್ (ಕಾರ್ಡುಗಳ ಕಟ್ಟು) ಮೇಲೆ ಕೂರುತ್ತದೆ. ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ತೆಗೆದಿಡಿ, ಆಮೇಲೆ ಸಿಂಕ್.

ಲಕ್ಷಣ 1: ಪುಸ್ತಕ ಕಂಡರೇ ಮೈ ಜಡವಾಗುತ್ತದೆ

ಇದನ್ನು ಎಲ್ಲಕ್ಕಿಂತ ಮೊದಲು ನೋಡಿ. ಖರ್ಚಿಲ್ಲ, ಐದು ನಿಮಿಷ ಸಾಕು.

ನೀವು ಒಂದು ಕಾಲದಲ್ಲಿ ನೀರು ಕುಡಿದಷ್ಟು ಸುಲಭವಾಗಿ ಓದುತ್ತಿದ್ದ ಪುಟ ತೆಗೆಯಿರಿ. ಎನ್5 ಮಟ್ಟದ್ದೇ ಇರಲಿ. ಒಂದು ಪ್ಯಾರಾ ಓದಿ. ಎಷ್ಟು ಅರ್ಥವಾಯಿತು ಅಂತ ನೋಡಬೇಡಿ, ಓದುವಾಗ ನಿಮಗೆ ಏನಾಯಿತು ಅಂತ ನೋಡಿ. 'ಅಯ್ಯೋ, ಈ ಪದ ಗೊತ್ತಿತ್ತಲ್ಲ, ಏನದು?' ಅಂತ ತುರಿಕೆ ಹುಟ್ಟಿತಾ? ಹಾಗಾದರೆ ಬರೀ ತುಕ್ಕು, ಮುಂದಿನ ಲಕ್ಷಣಕ್ಕೆ ಹೋಗಿ. ಅರ್ಥವಾದರೂ 'ಬೇಡಪ್ಪಾ' ಅನಿಸಿತಾ? ಭುಜ ಬಿಗಿಯಿತಾ, ಮೊಬೈಲ್ ಕಡೆ ಕೈ ಹೋಯಿತಾ? ದಣಿವು ಇನ್ನೂ ಇಳಿದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟ್‌ಗೆ ಮೂರು ಗುರುತು ಹೇಳಿತು: ಶಕ್ತಿಯೇ ಸೋರಿಹೋದಂತಾಗುವುದು, ಮಾಡುವ ಕೆಲಸದಿಂದ ಮನಸ್ಸು ದೂರವಾಗಿ ಅದರ ಮೇಲೆ ಜಿಗುಪ್ಸೆ ಬರುವುದು, ಎಷ್ಟು ಮಾಡಿದರೂ ಏನೂ ಆಗುತ್ತಿಲ್ಲ ಅನಿಸುವುದು. ಅವರು ಹೇಳಿದ್ದು ಉದ್ಯೋಗದ ಬಗ್ಗೆ ಮಾತ್ರ, ಅದನ್ನು ಕಾಯಿಲೆ ಅಂತಲೂ ಕರೆಯಲಿಲ್ಲ. ಆದರೆ ಆ ಮೂರೂ ಗುರುತು ನನ್ನ ಕಾಂಜಿ ನೋಟ್‌ಬುಕ್ಕಿಗೆ ಅಚ್ಚುಕಟ್ಟಾಗಿ ಹೊಂದುತ್ತಿದ್ದವು.

ಹೀಗಿದ್ದರೆ ಇನ್ನೂ ಎರಡು ವಾರ ಓದು ಬೇಡ. ಜಪಾನಿ ಕಿವಿಗೆ ಬೀಳಬಹುದು, ಕಣ್ಣಿಗೆ ಬೀಳಬಹುದು, ಲೆಕ್ಕಕ್ಕೆ ಮಾತ್ರ ಬರಬಾರದು. ಅಡುಗೆ ವಿಡಿಯೋ ನೋಡಿ, ಹಾಡು ಕೇಳಿ. ನೋಟ್ಸ್ ತೆಗೆಯಬೇಡಿ. ಎರಡು ವಾರದ ಮೇಲೆ ಅದೇ ಪ್ಯಾರಾ ಮತ್ತೆ ಓದಿ ನೋಡಿ.

ಇಲ್ಲಿ ನಿಲ್ಲಿಸಿ: ಜಪಾನಿ ಮಾತ್ರ ಅಲ್ಲ, ಯಾವುದೂ ಬೇಡ ಅನಿಸುತ್ತಿದ್ದರೆ, ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಈ ಕೈಪಿಡಿ ಬದಿಗಿಡಿ. ಇದು ಭಾಷೆಯ ತೊಂದರೆಯಲ್ಲ. ಡಾಕ್ಟರ್ ಹತ್ತಿರ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಲಕ್ಷಣ 2: ಆ್ಯಪ್ ತೆರೆದರೆ ಸಾವಿರಾರು ಕಾರ್ಡು ಬಾಕಿ

ನನ್ನದು 4,312 ಇತ್ತು. ಕಾರ್ಡಿಗೆ ಎಂಟು ಸೆಕೆಂಡ್ ಅಂತ ಹಿಡಿದರೂ ಒಂಬತ್ತೂವರೆ ಗಂಟೆ. ಅದೂ ಒಂದನ್ನೂ ತಪ್ಪದಿದ್ದರೆ.

ಈ ಸಂಖ್ಯೆಗೆ ಹೆದರುವ ಅಗತ್ಯವಿಲ್ಲ. ಅದು ಸಾಲವಲ್ಲ. ನೀವು ಬಿಟ್ಟುಹೋದದ್ದು ಯಂತ್ರಕ್ಕೆ ಗೊತ್ತಿಲ್ಲ, ಪಾಪ, ಪ್ರತಿದಿನ ಎಣಿಸುತ್ತಲೇ ಇದೆ, ಅಷ್ಟೇ. ಸೆಟ್ಟಿಂಗ್ಸಿಗೆ ಹೋಗಿ ದಿನದ ಹೊಸ ಕಾರ್ಡು ಸೊನ್ನೆ ಮಾಡಿ, ರಿವ್ಯೂ (ಹಳೆಯ ಕಾರ್ಡು ಮತ್ತೆ ನೋಡುವ) ಮಿತಿ 40 ಮಾಡಿ. ಮೊದಲಿನಿಂದ ಅದು 20 ಮತ್ತು 200ಕ್ಕೆ ಇಟ್ಟಿರುತ್ತದೆ, ಮರಳಿ ಬಂದವರಿಗೆ ಆ 200 ವಿಷ. ಕಾರ್ಡುಗಳ ಸಾಲನ್ನೂ ಬದಲಿಸಬಹುದು. ಇನ್ನೂ ನೆನಪಿರುವ ಸಾಧ್ಯತೆ ಜಾಸ್ತಿ ಇರುವವು ಮೊದಲು ಬರಲಿ. ಗೆಲ್ಲುವ ಕಾರ್ಡುಗಳಿಂದ ಶುರು ಮಾಡಿದರೆ ಮೂರನೇ ದಿನವೂ ಕೂರುತ್ತೀರಿ.

ಮತ್ತೆ ಮತ್ತೆ ತಪ್ಪುವ ಕಾರ್ಡಿಗೆ ಆ್ಯಪ್ 'ಲೀಚ್' ಅಂತ ಚೀಟಿ ಅಂಟಿಸುತ್ತದೆ. ಅಂದರೆ ಜಿಗಣೆ. ನೆನಪಾದ ಮೇಲೆ ಎಂಟು ಸಲ ಮರೆತರೆ ಆ ಪಟ್ಟ ಸಿಗುತ್ತದೆ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಂಬಳ ಹತ್ತಿದರೆ ಉಪ್ಪು ಹಾಕಿ ಉದುರಿಸುತ್ತಾರೆಯೇ ಹೊರತು ಅದರ ಜೊತೆ ಕುಸ್ತಿ ಆಡುವುದಿಲ್ಲ. ಇವನ್ನೂ ಸಸ್ಪೆಂಡ್ ಮಾಡಿ ಉದುರಿಸಿ. ಬೇಕಾದ ಪದವಾದರೆ ಎಲ್ಲಾದರೂ ಓದುವಾಗ ತಾನೇ ಎದುರು ಬರುತ್ತದೆ.

ಹತ್ತು ದಿನ 40ರಂತೆ ಮಾಡಿ ಲೆಕ್ಕ ನೋಡಿ. ಅರ್ಧಕ್ಕಿಂತ ಹೆಚ್ಚು ನೆನಪಿದ್ದರೆ ಹಳೆಯ ಡೆಕ್ಕನ್ನೇ ಮುಂದುವರಿಸಿ. ಹತ್ತರಲ್ಲಿ ಎರಡು ಮೂರು ಮಾತ್ರ ಗೊತ್ತಾಗುತ್ತಿದ್ದರೆ ಅದನ್ನು ಪಕ್ಕಕ್ಕಿಟ್ಟು ಸಣ್ಣದೊಂದು ಹೊಸ ಡೆಕ್ ಮಾಡಿ. ಇದು ನನ್ನ ಅಂದಾಜಿನ ಗೆರೆ, ನಿಮ್ಮದು ಸ್ವಲ್ಪ ಆಚೀಚೆ ಇರಬಹುದು.

ಎಲ್ಲ ಮರೆತೇ ಹೋಯಿತು ಅಂತ ಕೊರಗುವವರಿಗೆ ಒಂದು ಹಳೆಯ ಸುದ್ದಿ. ಎಬ್ಬಿಂಗ್‌ಹಾಸ್ ಎಂಬ ಜರ್ಮನ್ ಪಂಡಿತ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಹಿಡಿದ ಹೊತ್ತನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಎರಡನೇ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕಾಗಿತ್ತು. ನೆನಪಿಗೆ ಬಾರದಿದ್ದರೂ ಒಳಗೆಲ್ಲೋ ಸ್ವಲ್ಪ ಉಳಿದಿರುತ್ತದೆ.

ಲಕ್ಷಣ 3: ಹಿರಗಾನ ಬರುತ್ತದೆ, ಕತಕಾನ ಕೈಕೊಡುತ್ತದೆ

ಎರಡೂ ಜಪಾನಿಯ ಉಚ್ಚಾರ ಬರೆಯುವ ಅಕ್ಷರಮಾಲೆಗಳು. ಬಹಳ ಮಂದಿಗೆ ಆಗುವುದು ಇದೇ. ಬಿಳಿ ಹಾಳೆಯಲ್ಲಿ 46 ಹಿರಗಾನ, 46 ಕತಕಾನ ಬರೆಯಿರಿ. ಹತ್ತು ನಿಮಿಷದ ಕೆಲಸ. ಹಿರಗಾನದಲ್ಲಿ ಹತ್ತಕ್ಕಿಂತ ಜಾಸ್ತಿ ತಪ್ಪಿದ್ದರೆ ಒಂದು ವಾರ ಬರೀ ಇದೇ ಮಾಡಿ, ಮುಂದಿನದು ಓದಲೇಬೇಡಿ.

ಕತಕಾನದಲ್ಲಿ 'ಶಿ' ಮತ್ತು 'ತ್ಸು', 'ನ್' ಮತ್ತು 'ಸೊ' ಮಾತ್ರ ಗಲಿಬಿಲಿಯಾದರೆ ಚಿಂತೆಯಿಲ್ಲ. ಕೈಯ ದಿಕ್ಕು ನೋಡಿಕೊಳ್ಳಿ. 'ಶಿ'ಯಲ್ಲಿ ಚಿಕ್ಕ ಗೆರೆಗಳು ಎಡಬದಿಯಲ್ಲಿ ಒಂದರ ಕೆಳಗೊಂದು ನಿಲ್ಲುತ್ತವೆ, ಉದ್ದ ಗೆರೆ ಕೆಳಗಿಂದ ಮೇಲಕ್ಕೆ ಏರುತ್ತದೆ. 'ತ್ಸು'ವಿನಲ್ಲಿ ಚಿಕ್ಕವು ಮೇಲ್ಗಡೆ ಅಕ್ಕಪಕ್ಕ, ಉದ್ದದ್ದು ಮೇಲಿಂದ ಕೆಳಕ್ಕೆ. 'ನ್' ಮತ್ತು 'ಸೊ' ಇದೇ ಜೋಡಿಯ ತಮ್ಮಂದಿರು, ಒಂದೊಂದು ಚಿಕ್ಕ ಗೆರೆ ಕಡಿಮೆ.

ಲಕ್ಷಣ 4: ಕಾಂಜಿ ನೋಡಿದರೆ ಗೊತ್ತಾಗುತ್ತದೆ, ಬರೆಯಲು ಬರುವುದಿಲ್ಲ

ಇದು ದೋಷವೇ ಅಲ್ಲ. ಜಪಾನಿನವರಿಗೂ ಹೀಗಾಗುತ್ತದೆ. ಟೈಪ್ ಮಾಡಿ ಮಾಡಿ ಕೈಬರಹ ಮರೆತವರನ್ನು ಅವರೇ ತಮಾಷೆಗೆ 'ವಾಪುರೊ ಬಕ' ಅನ್ನುತ್ತಾರೆ, ವರ್ಡ್ ಪ್ರೊಸೆಸರ್ ಪೆದ್ದ ಅಂತ. ಜೆಎಲ್‌ಪಿಟಿಯಲ್ಲಿ ಕೈಬರಹದ ಪರೀಕ್ಷೆಯೇ ಇಲ್ಲ. ಬರೆಯುವುದು ನಿಮಗೆ ಖುಷಿ ಕೊಡುತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ಸದ್ಯಕ್ಕೆ ಬಿಡಿ.

ನೋಡಿದರೂ ಗೊತ್ತಾಗದಿದ್ದರೆ ಆಗ ಕೆಲಸವಿದೆ. ನಿತ್ಯಬಳಕೆಯ ಪಟ್ಟಿಯಲ್ಲಿರುವ 2,136 ಕಾಂಜಿಗಳ ತನಕ ಯೋಚಿಸಬೇಡಿ. ಜಪಾನಿನ ಒಂದನೇ ಕ್ಲಾಸಿನ ಮಕ್ಕಳು ಕಲಿಯುವ 80 ಅಕ್ಷರಗಳಿಂದ ಶುರು ಮಾಡಿ. ಆಮೇಲೆ ಕೂಡುಭಾಗಗಳು. ನನ್ನ ಅರ್ಧ ಉಳಿದ 'ಗಿ'ಯಲ್ಲಿ ನಾನು ಬರೆದು ನಿಲ್ಲಿಸಿದ ಎಡಭಾಗ ಅಂದರೆ 'ಮಾತು'. ಹನಸು (ಮಾತಾಡು), ಯೊಮು (ಓದು), ನಿಹೊಂಗೊದ (ಜಪಾನಿ ಭಾಷೆ) ಗೊ, ಎಲ್ಲದರ ಎಡಕ್ಕೂ ಅದೇ ಏಳು ಗೆರೆ. ಮೂರು ವರ್ಷದ ಮೇಲೆ ಆ ಖಾನೆ ನೋಡಿದಾಗ 'ಗಿ' ನೆನಪಿರಲಿಲ್ಲ, 'ಮಾತು' ನೆನಪಿತ್ತು.

ಲಕ್ಷಣ 5: ಪದ ಗೊತ್ತು, ವಾಕ್ಯ ಕಟ್ಟಲು ಆಗುತ್ತಿಲ್ಲ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನನ್ನ ದೊಡ್ಡ ತಪ್ಪು ಇಲ್ಲೇ ಇತ್ತು. ನಮ್ಮ ಕ್ಲಾಸು ಇಂಗ್ಲಿಷಿನಲ್ಲಿ, ನೋಟ್ಸೂ ಇಂಗ್ಲಿಷಿನಲ್ಲಿ. ಹಾಗಾಗಿ ಜಪಾನಿ ವಾಕ್ಯವನ್ನು ಇಂಗ್ಲಿಷಿನ ಮೂಲಕ ತಲೆಕೆಳಗು ಮಾಡಿ ಕಟ್ಟುತ್ತಿದ್ದೆ. ಕನ್ನಡದವನಿಗೆ ಅದು ಬೇಕೇ ಇಲ್ಲ. ಎರಡರಲ್ಲೂ ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ.

ಚೆಕ್ ಮಾಡುವುದು ಹೀಗೆ. ಮರೆತ ರೂಪವನ್ನು ಕನ್ನಡದಲ್ಲಿ ಹೇಳಿ ನೋಡಿ. ತಬೆತೆ ಮಿರು ಅಂದರೆ ತಿಂದು ನೋಡು. ಅವರೂ 'ನೋಡು' ಅಂತಲೇ ಹೇಳುತ್ತಾರೆ! ತಬೆತೆ ಶಿಮೌ, ತಿಂದುಬಿಡು. ಮೊತ್ತೆ ಇಕು, ತೆಗೆದುಕೊಂಡು ಹೋಗು. ಕತ್ತೆ ಒಕು, ಕೊಂಡು ಇಡು (ಇಲ್ಲಿ ಪ್ರಾಣಿ ಇಲ್ಲ, 'ಕೌ' ಅಂದರೆ ಕೊಳ್ಳು). ಇಕು ತೊ ಈಮಶಿತ, ಹೋಗ್ತೀನಿ ಅಂತ ಹೇಳಿದರು. ಆ 'ತೊ' ನಮ್ಮ 'ಅಂತ'. ವಾಕ್ಯದ ಕೊನೆಯ 'ನೆ' ನಮ್ಮ 'ಅಲ್ವಾ'.

'ಗ' ಪ್ರತ್ಯಯ ತಪ್ಪುತ್ತಿದ್ದರೂ ಇದೇ ಔಷಧಿ. ಕೋಹೀ ಗ ಸುಕಿ. 'ಕಾಫಿಯನ್ನು' ಅಂತ ಯೋಚಿಸಿದರೆ 'ಒ' ಹಾಕಿಬಿಡುತ್ತೀರಿ. 'ನನಗೆ ಕಾಫಿ ಇಷ್ಟ' ಅಂತ ಯೋಚಿಸಿ. ಕನ್ನಡದಲ್ಲಿ ಕಾಫಿಗೆ 'ಅನ್ನು' ಬರುವುದಿಲ್ಲ, ಅಲ್ಲಿಯೂ 'ಒ' ಬರುವುದಿಲ್ಲ. 'ನಿಹೊಂಗೊ ಗ ವಕರು' ಕೂಡ ಹಾಗೇ, ನನಗೆ ಜಪಾನಿ ಅರ್ಥವಾಗುತ್ತದೆ.

ಆದರೆ ಕನ್ನಡವೇ ಎಡವಿಸುವ ಜಾಗವೂ ಇದೆ. 'ನಿ' ಮತ್ತು 'ದೆ' ಎರಡಕ್ಕೂ ನಮ್ಮಲ್ಲಿ ಒಂದೇ 'ಅಲ್ಲಿ'. ಮನೆಯಲ್ಲಿದ್ದೇನೆ ಅಂದರೆ ಉಚಿ ನಿ ಇಮಸು. ಮನೆಯಲ್ಲಿ ಓದುತ್ತೇನೆ ಅಂದರೆ ಉಚಿ ದೆ ಬೆಂಕ್ಯೋ ಶಿಮಸು. ಇರುವುದಕ್ಕೆ 'ನಿ', ಏನಾದರೂ ಮಾಡುವುದಕ್ಕೆ 'ದೆ'. ಇದು ಮರೆವಲ್ಲ, ಮೊದಲೂ ಗಟ್ಟಿ ಇರಲಿಲ್ಲ. ಹತ್ತು ವಾಕ್ಯ ಬರೆದು ನೋಡಿದರೆ ಗೊತ್ತಾಗುತ್ತದೆ. 'ವ' ಮತ್ತು 'ಗ' ಜಗಳ ಈಗಲೇ ಬಗೆಹರಿಸಲು ಹೋಗಬೇಡಿ. 'ನಾನಂತೂ ಬರಲ್ಲ' ಅನ್ನುವಾಗಿನ 'ಅಂತೂ' ಥರದ ಜಾಗದಲ್ಲಿ 'ವ' ಬರುತ್ತದೆ ಅಂತ ನೆನಪಿಟ್ಟರೆ ಸದ್ಯಕ್ಕೆ ಸಾಕು.

ಲಕ್ಷಣ 6: ಓದಿದರೆ ತಿಳಿಯುತ್ತದೆ, ಕೇಳಿದರೆ ಒಂದೂ ಹಿಡಿಯುವುದಿಲ್ಲ

ಒಂದು ನಿಮಿಷದ ಆಡಿಯೋ ತಗೊಳ್ಳಿ, ಅದರ ಬರಹವೂ ಜೊತೆಗಿರಲಿ. ಮೊದಲು ಕೇಳಿ, ಆಮೇಲೆ ಓದಿ. ಓದಿದರೂ ಅರ್ಥವಾಗದಿದ್ದರೆ ಕಿವಿಯದಲ್ಲ ತಪ್ಪು, ಪದಗಳ ಕೊರತೆ. ಅದನ್ನು ಬಿಟ್ಟು ಸುಲಭದ್ದು ತಗೊಳ್ಳಿ. ಓದಿದಾಗ ಸಲೀಸಾಗಿ ತಿಳಿದರೆ ಕೆಲಸ ಕಿವಿಯಲ್ಲಿದೆ. ಅದೇ ಒಂದು ನಿಮಿಷವನ್ನು ಒಂದು ವಾರ ದಿನಾ ಮೂರು ಸಲ ಕೇಳಿ. ಬಸ್ಸಿನಲ್ಲಾದರೂ ಆಗುತ್ತದೆ.

ಕಿವಿ ಸೋಲುವುದು ಹೆಚ್ಚಾಗಿ ಮುರಿದ ರೂಪಗಳಲ್ಲಿ. ತಬೆತೆ ಇರು 'ತಬೆತೆರು' ಆಗುತ್ತದೆ, ತಬೆತೆ ಶಿಮತ್ತ 'ತಬೆಚತ್ತ' ಆಗುತ್ತದೆ, ಇಕನಕೆರೆಬ 'ಇಕನಕ್ಯ' ಆಗುತ್ತದೆ. ಪುಸ್ತಕದ 'ಹೋಗುತ್ತೇನೆ' ಮಾತ್ರ ಕಲಿತವನಿಗೆ 'ಹೋಗ್ತೀನಿ' ಅಂದರೆ ಕಕ್ಕಾಬಿಕ್ಕಿ ಆಗುವುದಿಲ್ಲವೇ, ಹಾಗೆ. ನನ್ನ 17 ಅಂಕದ ಗುಟ್ಟು ಇದೇ ಇತ್ತು ಅಂತ ಈಗ ಅನಿಸುತ್ತದೆ.

ಒಳ್ಳೆಯ ಸುದ್ದಿ ಅಂದರೆ ದೀರ್ಘ, ಒತ್ತಕ್ಷರ ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು. ಕೊಕೊ ಅಂದರೆ ಇಲ್ಲಿ, ಕೋಕೋ ಅಂದರೆ ಹೈಸ್ಕೂಲು. ಒಬಸನ್ ಅತ್ತೆ, ಒಬಾಸನ್ ಅಜ್ಜಿ. ಕಿತೆ ಅಂದರೆ ಬಾ, ಕಿತ್ತೆ ಅಂದರೆ ಅಂಚೆಚೀಟಿ. ಎಷ್ಟೋ ಜನ ಈ ವ್ಯತ್ಯಾಸ ಹಿಡಿಯಲು ಒದ್ದಾಡುತ್ತಾರೆ.

ಲಕ್ಷಣ 7: ಸೋಮವಾರ ಶುರು, ಗುರುವಾರ ಬಂದ್

ಅಳತೆ ತಪ್ಪಿದೆ. ಮೂರು ವರ್ಷದ ಹಿಂದಿನ ನಿಮ್ಮ ದಿನಚರಿಯನ್ನು ಇವತ್ತಿನ ಮೈಮೇಲೆ ಹಾಕುತ್ತಿದ್ದೀರಿ. ದಿನಕ್ಕೆ ಹತ್ತು ನಿಮಿಷ ಇಡಿ. ಹತ್ತಾದ ಮೇಲೆ ಇನ್ನೂ ಓದಬೇಕು ಅನಿಸಿದರೂ ಎದ್ದುಬಿಡಿ. ಮೊದಲ ತಿಂಗಳು ಹೀಗೇ. ಒಂದು ದಿನ ತಪ್ಪಿದರೆ ಮರುದಿನ ಇಪ್ಪತ್ತು ನಿಮಿಷ ಮಾಡಿ ಸರಿದೂಗಿಸಬೇಡಿ, ಹಳೇ ಬಡ್ಡಿ ವ್ಯವಹಾರ ಅಲ್ಲಿಂದಲೇ ಶುರುವಾಗುವುದು. ಸತತ ಇಷ್ಟು ದಿನ ಅಂತ ಎಣಿಸಿ ಬೆಂಕಿ ಚಿತ್ರ ತೋರಿಸುವ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ.

ಲಕ್ಷಣ 8: ಹಳೆಯ ಟೀಚರಿಗೆ ಮುಖ ತೋರಿಸಲು ನಾಚಿಕೆ

ಈ ದೋಷ ಒಬ್ಬರೇ ಕೂತು ಸರಿಮಾಡಲು ಆಗುವುದಿಲ್ಲ. ನಾನು ಸೆನ್ಸೇಗೆ ಮೆಸೇಜ್ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಮೂರು ವರ್ಷದ ಕ್ಷಮಾಪಣೆಯನ್ನೆಲ್ಲ ತುಂಬಿ ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು. ಒಂದೇ ಪದ: 'ಒಹಿಸಶಿಬುರಿ!' ತುಂಬಾ ದಿನ ಆಯ್ತಲ್ಲ ಅಂತ. ಅದರ ಕೆಳಗೆ ಕನ್ನಡದಲ್ಲಿ, 'ಶನಿವಾರ ಬಾರೋ, ಕಾಫಿ ಕುಡಿಯೋಣ. ಪುಸ್ತಕ ತರಬೇಡ.'

ಹೋದೆ. ಏತೊ, ಅನೋ ಅಂತ ತಡವರಿಸುತ್ತಾ ನಾಲ್ಕು ಮಾತಾಡಿದೆ. ಅವರು ತಿದ್ದಲಿಲ್ಲ. ಬಾಯಿ ತುಕ್ಕು ಹಿಡಿದಿದ್ದರೆ ಮೊದಲ ಮದ್ದು ಇಂಥ ಒಬ್ಬರು. ಯಾರೂ ಇಲ್ಲದಿದ್ದರೆ ಮಾತ್ರ ದುಡ್ಡು ಕೊಟ್ಟು ಟ್ಯೂಟರ್. ಅದೂ ಒಂದು ಗಂಟೆಯ ಬದಲು ಅರ್ಧ ಗಂಟೆ, ತಿಂಗಳ ಪ್ಯಾಕೇಜ್ ಬೇಡ.

ಲಕ್ಷಣ 9: ಪರೀಕ್ಷೆಗೆ ಕಟ್ಟಿದರೆ ತಾನೇ ಓದುತ್ತೇನೆ ಅನಿಸುತ್ತದೆ

ಇದನ್ನು ಕೊನೆಗಿಟ್ಟಿದ್ದೇನೆ. ಎಲ್ಲಕ್ಕಿಂತ ದುಬಾರಿ, ಎಲ್ಲಕ್ಕಿಂತ ಅಪಾಯದ್ದು. ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ ಇರುತ್ತದೆ, ಅರ್ಜಿ ತಿಂಗಳುಗಳ ಮೊದಲೇ ಮುಗಿಯುತ್ತದೆ. ಅಂದರೆ ಇನ್ನೂ ಮೈ ಬಗ್ಗುವ ಮೊದಲೇ ತಾರೀಖು ಕುತ್ತಿಗೆಗೆ ಬೀಳುತ್ತದೆ. ಹಿಂದೆ ಪಾಸಾದ ಸರ್ಟಿಫಿಕೇಟ್ ಇದ್ದರೆ ಅದಕ್ಕೆ ಅವಧಿ ಮುಗಿಯುವುದಿಲ್ಲ, ಯಾರೂ ಕಿತ್ತುಕೊಳ್ಳುತ್ತಿಲ್ಲ. ಮೂರು ತಿಂಗಳು ಹತ್ತು ನಿಮಿಷದ ಓದು ಬೇಜಾರಿಲ್ಲದೆ ನಡೆದರೆ ಮಾತ್ರ ಫಾರ್ಮ್ ತೆಗೆಯಿರಿ. ಆಗಲೂ ಫೇಲಾದ ಹಂತಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹಳೆಯ ಪ್ರಶ್ನೆಪತ್ರಿಕೆ ಮನೆಯಲ್ಲಿ ಬರೆದು ನೋಡಿ. ಓದಲೇಬೇಕು ಅನ್ನುವ ಒತ್ತಡ ಆಫೀಸಿನಿಂದ ಬಂದಿದ್ದರೆ ಮ್ಯಾನೇಜರ್ ಹತ್ತಿರ ಗಡುವಿನ ಬಗ್ಗೆ ಮಾತಾಡಿ, ಅದನ್ನು ರಾತ್ರಿ ನಿದ್ದೆಯಿಂದ ಕತ್ತರಿಸಬೇಡಿ.

ನಾನು ಈ ಡಿಸೆಂಬರ್‌ಗೆ ಕಟ್ಟಿಲ್ಲ. ರಾತ್ರಿ ಹತ್ತು ನಿಮಿಷ ಓದುತ್ತೇನೆ, ಹತ್ತೂವರೆಗೆ ಮಲಗುತ್ತೇನೆ. ನೋಟ್‌ಬುಕ್ಕಿನ ಆ ಏಳನೇ ಖಾನೆ ಇನ್ನೂ ಅರ್ಧವೇ ಇದೆ.